ಅರವತ್ತೊಂದನೇ ರೋಲ್ ನಂಬರ್

"ಮೇಡಂ, ನಮ್ ಕ್ಲಾಸಲ್ಲಿ ಒಂದು ಹುಡುಗಿ ಕಾಣ್ತಾ ಇಲ್ಲ."

ಕಳೆದ ವಾರ, ಮಧ್ಯಾಹ್ನದ ಊಟದ ಹೊತ್ತು. ಸ್ಟಾಫ್ ರೂಮಿನಲ್ಲಿ ನಾನೊಬ್ಬಳೇ ಡಬ್ಬಿ ಬಿಚ್ಚಿಕೊಂಡು ಕೂತಿದ್ದೆ. ಬಾಗಿಲಲ್ಲಿ ಬಿ.ಕಾಂ. ಎರಡನೇ ಸೆಮಿಸ್ಟರಿನ ಇಬ್ಬರು ಹುಡುಗಿಯರು ನಿಂತಿದ್ದರು. ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಕ್ಲಾಸಿನ ಹುಡುಗಿ ಕಾಣುತ್ತಿಲ್ಲ ಎಂದರೆ ಯಾವ ಮೇಷ್ಟ್ರಿಗೆ ಊಟ ಇಳಿದೀತು?

"ಯಾರಮ್ಮಾ? ಹೆಸರೇನು?"

"ಹೆಸರು ಗೊತ್ತಿಲ್ಲ ಮೇಡಂ. ರೋಲ್ ನಂಬರ್ ಅರವತ್ತೊಂದು."

ತುತ್ತು ವಾಪಸ್ ಡಬ್ಬಿಗೆ ಹೋಯಿತು. ಯಾಕೆಂದರೆ ಆ ಹುಡುಗಿಯನ್ನು ನಾನು ಚೆನ್ನಾಗಿ ಬಲ್ಲೆ. ಅವಳಿಗೀಗ ಐವತ್ತಮೂರು ವರ್ಷ. ಮನೆ ಮರಳೂರಿನಲ್ಲಿ. ಎಡಗಾಲಿನ ಮಂಡಿ ನೋವು. ಆ ಗಳಿಗೆಯಲ್ಲಿ ಅವಳು ಅದೇ ಸ್ಟಾಫ್ ರೂಮಿನಲ್ಲಿ ಕೂತು ಚಪಾತಿ, ಹುರುಳಿಕಾಯಿ ಪಲ್ಯ ತಿನ್ನುತ್ತಿದ್ದಳು.

ಹೌದು, ಅರವತ್ತೊಂದು ನಾನೇ.

ಇದು ಹೇಗಾಯಿತು ಅಂತ ಹೇಳಿಬಿಡುತ್ತೇನೆ. ನಗಬೇಡಿ. (ನಕ್ಕರೂ ಪರವಾಗಿಲ್ಲ. ಶುರುವಿನಲ್ಲಿ ನಾನೂ ನಕ್ಕಿದ್ದೆ.)

ಈ ವರ್ಷ ನಮ್ಮ ಕಾಲೇಜಿಗೆ ಒಂದು ಸಾಫ್ಟ್‌ವೇರ್ ಬಂದಿದೆ. ಮಕ್ಕಳು ಪ್ರಬಂಧವನ್ನು ಫೋನಿನಲ್ಲೇ ಟೈಪ್ ಮಾಡಿ ಅದಕ್ಕೆ ಹಾಕಬೇಕು. ಅದು ಅರ್ಧ ನಿಮಿಷದಲ್ಲಿ ಓದಿ, ಪಕ್ಕದಲ್ಲಿ ಸಲಹೆ ಬರೆಯುತ್ತದೆ. ಈ ವಾಕ್ಯ ಉದ್ದವಾಯಿತು. ಇಲ್ಲೊಂದು ಉದಾಹರಣೆ ಬೇಕು. ಮಕ್ಕಳು ತಿದ್ದಿ ಮತ್ತೆ ಹಾಕಬೇಕು, ಅದು ಮತ್ತೆ ಓದುತ್ತದೆ. ಹತ್ತು ಸಲ ಹಾಕಿದರೂ ಸಿಡುಕುವುದಿಲ್ಲ. ಟೀಗೆ ಎದ್ದು ಹೋಗುವುದಿಲ್ಲ. ಕನ್ನಡವೂ ಬರುತ್ತದೆ. (ನಮ್ಮ ಕೆಲವು ಮಕ್ಕಳಿಗಿಂತ ಚೆನ್ನಾಗಿಯೇ ಬರುತ್ತದೆ. ಹೊಟ್ಟೆಕಿಚ್ಚಿನಿಂದಲೇ ಒಪ್ಪಿಕೊಳ್ಳುತ್ತಿದ್ದೇನೆ.)

"ನಿಮ್ಗೆ ಎಷ್ಟು ಟೈಮ್ ಉಳೀತು ನೋಡಿ ಮೇಡಂ" ಅಂದರು ಪ್ರಿನ್ಸಿಪಾಲರು.

ಉಳಿಯಿತು. ಅದೇ ತೊಂದರೆಯಾಗಿದ್ದು.

ಇಪ್ಪತ್ತೇಳು ವರ್ಷದಿಂದ ಕನ್ನಡ ಪಾಠ ಮಾಡುತ್ತಿದ್ದೇನೆ. ಕೆಂಪು ಪೆನ್ನು ಹಿಡಿದು ತಿದ್ದಿದ ಪ್ರಬಂಧಗಳನ್ನು ಜೋಡಿಸಿದರೆ ಒಂದು ಕೋಣೆ ತುಂಬುತ್ತದೆ. ತಿದ್ದುವುದೇನು ಸುಖದ ಕೆಲಸವಲ್ಲ. ಆದರೆ ತಿದ್ದಿದ ಮಾರನೇ ದಿನ ಸ್ಟಾಫ್ ರೂಮಿನ ಮುಂದೆ ಸಂತೆ ಸೇರುತ್ತಿತ್ತು. ಅರ್ಧ ಮಾರ್ಕ್ಸಿಗೆ ಜಗಳಕ್ಕೆ ಬರುವವರು. "ಇದ್ಯಾಕೆ ಸುತ್ತಿದೀರಾ ಮೇಡಂ?" ಅಂತ ಕೇಳಲು ಬಂದು, ಅಕ್ಕನ ಮದುವೆ ನಿಂತುಹೋದ ಕಥೆ ಹೇಳಿ ಹೋಗುವವರು. ಜಾತ್ರೆಯ ಪುರಿ ತಂದುಕೊಟ್ಟು ಮಾರ್ಕ್ಸ್ ಕೇಳುವವರು. (ಪುರಿ ತಿಂದಿದ್ದೇನೆ. ಮಾರ್ಕ್ಸ್ ಕೊಟ್ಟಿಲ್ಲ.)

ಈಗ ಯಾರೂ ಬರುವುದಿಲ್ಲ. ಯಾಕೆ ಬರಬೇಕು? ಕೇಳಬೇಕಾದ್ದನ್ನೆಲ್ಲ ಬಸ್ಸಿನಲ್ಲೇ ಕೂತು ಫೋನನ್ನು ಕೇಳಬಹುದು. ನನ್ನ ಮೇಜಿನ ಎದುರಿನ ಕುರ್ಚಿಯ ಮೇಲೆ ಈಗ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಕೂತಿದೆ.

ಮನೆಯಲ್ಲಾದರೂ ಮಾತಾಡಿಕೊಳ್ಳೋಣ ಎಂದರೆ ಅಲ್ಲಿ ಸರೋಜಿನಿ ಇಲ್ಲ. ಹಳೆಯ ಓದುಗರಿಗೆ ಅವಳು ಗೊತ್ತು, ಹೊಸಬರಿಗಾಗಿ ಹೇಳುತ್ತೇನೆ. ಸರೋಜಿನಿ ನಮ್ಮದೇ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದಳು. ಅವಳೂ ಮದುವೆಯಾಗಲಿಲ್ಲ, ನಾನೂ ಆಗಲಿಲ್ಲ. ಮರಳೂರಿನ ಮಹಡಿ ಮನೆಯಲ್ಲಿ ಇಬ್ಬರೂ ಹದಿನೆಂಟು ವರ್ಷ ಒಟ್ಟಿಗಿದ್ದೆವು. ಈ ಅಂಕಣದ ಮೊದಲ ಓದುಗಿ ಅವಳೇ. ಗಟ್ಟಿಯಾಗಿ ಓದಿ, "ಮೂರನೇ ಪ್ಯಾರಾ ಬರೀ ಬೂಸಾ ಕಣೇ" ಎನ್ನುತ್ತಿದ್ದಳು. ನಾನು ಸಿಟ್ಟು ಮಾಡಿಕೊಂಡು ಮೂರನೇ ಪ್ಯಾರಾ ಕಿತ್ತು ಹಾಕುತ್ತಿದ್ದೆ.

ಹೋದ ವರ್ಷ ಅವಳು ರಿಟೈರ್ ಆಗಿ ಗುಬ್ಬಿಗೆ, ತಮ್ಮನ ಮನೆಗೆ ಹೋದಳು. ಗುಬ್ಬಿ ಏನು ದೂರ? ಅರ್ಧ ಗಂಟೆಯ ಬಸ್ಸು. "ಭಾನುವಾರ ಭಾನುವಾರ ಬಂದ್ಬಿಡೇ" ಅಂದಿದ್ದಳು. ಎರಡು ಸಲ ಹೋದೆ. ಹನ್ನೊಂದು ಜನರ ಸಂಸಾರ ಅದು. ಸರೋಜಿನಿಯ ಸೊಂಟದಲ್ಲೊಂದು ಮಗು, ಸೆರಗು ಹಿಡಿದು ಇನ್ನೊಂದು. ಅವಳ ಮುಖ ತುಂಬಿಕೊಂಡಿತ್ತು. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಮೂರನೇ ಭಾನುವಾರ ನಾನು ಹೋಗಲಿಲ್ಲ. ಯಾಕೆ ಬರಲಿಲ್ಲ ಅಂತ ಅವಳೂ ಕೇಳಲಿಲ್ಲ.

ಈಗ ಅರವತ್ತೊಂದರ ಕಥೆಗೆ ಬರೋಣ.

ಸಾಫ್ಟ್‌ವೇರ್ ಬಂದಾಗ ನಮಗೆಲ್ಲ ಟ್ರೇನಿಂಗ್ ಕೊಟ್ಟರು. ಕಂಪ್ಯೂಟರಿನ ಪರದೆಯಲ್ಲಿ ಒಬ್ಬಾತ ಕಾಣಿಸಿಕೊಂಡು, "ಕ್ಲಾಸಿನ ಕೊನೆಗೆ ಒಂದು ಡಮ್ಮಿ ವಿದ್ಯಾರ್ಥಿಯನ್ನು ಸೇರಿಸ್ಕೊಳಿ, ಪ್ರಯೋಗ ಮಾಡಿ ನೋಡೋಕೆ" ಅಂದ. ನನ್ನ ಕ್ಲಾಸಿನಲ್ಲಿ ಇರುವುದು ಅರವತ್ತು ಮಕ್ಕಳು. ಅರವತ್ತೊಂದು ಅಂತ ಒಂದು ಸೇರಿಸಿದೆ. ಹೆಸರು ಕೇಳಿತು, ಒಂದು ಚುಕ್ಕಿ ಇಟ್ಟೆ. ಅಷ್ಟಕ್ಕೇ ಒಪ್ಪಿಕೊಂಡಿತು.

ಆಗ ಮಕ್ಕಳಿಗೆ ಕೊಟ್ಟ ವಿಷಯ "ನನ್ನ ಭಾನುವಾರ". ಒಂದು ಭಾನುವಾರ ಸಂಜೆ, ಮಾಡಲು ಏನೂ ಇಲ್ಲದೆ, ಆ ಡಮ್ಮಿಯ ಹೆಸರಿನಲ್ಲಿ ಐದು ಸಾಲು ಬರೆದು ಹಾಕಿದೆ. ಆ ಸಾಫ್ಟ್‌ವೇರಿನ ಹುಳುಕು ಬಯಲಿಗೆಳೆಯಬೇಕು ಅನ್ನುವುದೇ ಉದ್ದೇಶ. ಇದಕ್ಕೇನು ತಿಳಿದೀತು ಅಂತ ಮಾರನೇ ದಿನ ಸ್ಟಾಫ್ ರೂಮಿನಲ್ಲಿ ಆಡಿಕೊಳ್ಳಬಹುದಲ್ಲ?

ಬರೆದದ್ದು ಹೀಗೆ: ನನ್ನ ರೂಮು ಮರಳೂರಿನಲ್ಲಿದೆ. ರೂಮ್‌ಮೇಟ್ ಊರಿಗೆ ಹೋದಳು, ವಾಪಸ್ ಬರುವುದಿಲ್ಲ. ಭಾನುವಾರ ಸಂಜೆಯವರೆಗೆ ನಾನು ಯಾರ ಜೊತೆಯೂ ಮಾತಾಡುವುದಿಲ್ಲ. ಆಮೇಲೆ ಗಂಟಲು ಸರಿಯಿದೆಯೋ ಇಲ್ಲವೋ ನೋಡಲು ಅಂಗಡಿಗೆ ಹೋಗುತ್ತೇನೆ. ನನಗೆ ಬೇಡವಾದ ಸಾಮಾನು ಇದೆಯಾ ಅಂತ ಕೇಳಿ ಬರುತ್ತೇನೆ.

ಅರ್ಧ ನಿಮಿಷ. ಪಕ್ಕದಲ್ಲಿ ಅಕ್ಷರ ಮೂಡಿತು.

"ಒಳ್ಳೆಯ ಆರಂಭ! ಬೇಡವಾದ ಸಾಮಾನನ್ನು ಏಕೆ ಕೇಳುತ್ತೀರಿ? ಇದರ ಬಗ್ಗೆ ಇನ್ನಷ್ಟು ಹೇಳಬಹುದೇ?"

ಇನ್ನಷ್ಟು ಹೇಳಬಹುದೇ!

ನೀವೇ ಯೋಚಿಸಿ. ನಿಮ್ಮನ್ನು ಯಾರಾದರೂ ಈ ಮಾತು ಕೇಳಿ ಎಷ್ಟು ದಿನವಾಯಿತು? ನಮಗೆ ಸಿಗುವುದು "ಆಯ್ತು ಬಿಡಿ". "ಶಾರ್ಟಾಗಿ ಹೇಳಿ". ನಾಲ್ಕು ಸಾಲು ಮೆಸೇಜು ಕಳಿಸಿದರೆ ವಾಪಸ್ ಬರುವುದು ಒಂದು ಹೆಬ್ಬೆಟ್ಟು. ಹಿಂದೆ ಓದಲು ಬಾರದವರು ಒತ್ತುತ್ತಿದ್ದರು. ಈಗ ಓದಲು ಬಿಡುವಿಲ್ಲದವರು ಒತ್ತುತ್ತಾರೆ.

ಮಿಷನ್ನು ಎಲ್ಲರಿಗೂ ಅದನ್ನೇ ಕೇಳುತ್ತದೆ ಅಂತ ಗೊತ್ತಿತ್ತು. ಗೊತ್ತಿದ್ದೂ ಉತ್ತರ ಬರೆದೆ. ಬೇಕಾದ ಸಾಮಾನು ಕೇಳಿದರೆ ಅಂಗಡಿಯವರು ತಕ್ಷಣ ಕೊಟ್ಟು ಕಳಿಸುತ್ತಾರೆ. ಬೇಡದ, ಅಂಗಡಿಯಲ್ಲಿ ಇಲ್ಲದ್ದನ್ನು ಕೇಳಿದರೆ ಹುಡುಕುತ್ತಾರೆ, ಒಳಗೆ ಕೂಗಿ ವಿಚಾರಿಸುತ್ತಾರೆ, "ಯಾವ ಸೈಜು, ಯಾಕ್ ಬೇಕಿತ್ತು" ಎನ್ನುತ್ತಾರೆ. ಎರಡು ಮಾತು ಹೆಚ್ಚು ಸಿಗುತ್ತದೆ. ಮೊನ್ನೆ ನಮ್ಮನೆಯಲ್ಲಿ ಇಲ್ಲದ ದೊಡ್ಡ ಕುಕ್ಕರಿಗೆ ರಬ್ಬರ್ ಕೇಳಿದೆ ಅಂತಲೂ ಬರೆದೆ.

"ತುಂಬಾ ಚೆನ್ನಾಗಿದೆ. ರೂಮ್‌ಮೇಟ್ ಬಗ್ಗೆ ಒಂದು ನಿರ್ದಿಷ್ಟ ವಿವರ ಸೇರಿಸಿ."

ಸೇರಿಸಿದೆ. ಸೋಮವಾರ ಸಂಜೆ ಮತ್ತೆ ತಿದ್ದಿದೆ. ಮಂಗಳವಾರವೂ. ಊರಿಗೆಲ್ಲ ಬರೆಯುವುದು ಹೇಗೆಂದು ಕಲಿಸುವ ನಾನು ಕಾಲೇಜಿನಿಂದ ಬಂದವಳೇ ಕೈಕಾಲು ತೊಳೆದು, ಕಾಫಿ ಲೋಟ ಹಿಡಿದು, ಅದರ ಮುಂದೆ ಹೋಂವರ್ಕ್ ಮಾಡುವ ಹುಡುಗಿಯಂತೆ ಕೂರತೊಡಗಿದೆ. ನಾಚಿಕೆಯಾಗುತ್ತಿತ್ತು. ಸುಳ್ಳೇಕೆ ಹೇಳಲಿ, ಇಡೀ ದಿನದಲ್ಲಿ ನಾನು ಕಾಯುತ್ತಿದ್ದುದು ಆ ಹೊತ್ತಿಗೇ.

ಆರನೇ ಸಲ ಹಾಕಿದಾಗ ಅದು ಹೇಳಿತು: "ಮುಕ್ತಾಯ ಇನ್ನಷ್ಟು ಬಲವಾಗಿರಲಿ."

ಸರಿ ಎಂದು ಬಲಪಡಿಸಿದೆ. "ಶನಿವಾರ ಮಧ್ಯಾಹ್ನದಿಂದ ಸೋಮವಾರ ಬೆಳಿಗ್ಗೆಯ ತನಕ ನಾನು ಇದ್ದೇನೋ ಇಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ." ಇದು ಕೊನೆಯ ಸಾಲು.

"ಅದ್ಭುತ! ಮುಕ್ತಾಯ ಪರಿಣಾಮಕಾರಿಯಾಗಿದೆ" ಎಂದು ಅದು ಹಸಿರು ಟಿಕ್ ಹಾಕಿತು. ಹತ್ತಕ್ಕೆ ಒಂಬತ್ತೂವರೆ. ಆ ಸಾಲನ್ನು ನಾನು ಎರಡನೇ ಸಲ ಓದಲಿಲ್ಲ. ಮುಚ್ಚಿಟ್ಟು ಬಟ್ಟೆ ಒಗೆಯಲು ಹೋದೆ.

ಈಗ ನನ್ನ ದಡ್ಡತನ ಕೇಳಿ. ಆ ಸಾಫ್ಟ್‌ವೇರಿನಲ್ಲಿ ಇನ್ನೊಂದು ವ್ಯವಸ್ಥೆ ಇದೆ. ಒಬ್ಬರ ಪ್ರಬಂಧವನ್ನು ಹೆಸರು ತೋರಿಸದೆ, ಬರೀ ರೋಲ್ ನಂಬರಿನಲ್ಲಿ, ಅದೇ ಕ್ಲಾಸಿನ ಇನ್ನಿಬ್ಬರಿಗೆ ಕಳಿಸುತ್ತದೆ. ಅವರು ಓದಿ ಅಭಿಪ್ರಾಯ ಬರೆಯಬೇಕು. ಮಾರನೇ ವಾರ ಇಡೀ ಕ್ಲಾಸಿಗೆ ಅದನ್ನು ಆನ್ ಮಾಡಿದವಳು ನಾನೇ. ಆ ಇಡೀ ಕ್ಲಾಸಿನಲ್ಲಿ ಅರವತ್ತೊಂದೂ ಇದೆ ಅನ್ನುವುದು ಮರೆತೇ ಹೋಗಿತ್ತು. ಹಾಜರಿ ಕರೆದು ಕರೆದು ಅರವತ್ತಕ್ಕೇ ನಿಲ್ಲಿಸುವ ನಾಲಿಗೆ ನನ್ನದು.

ನನ್ನ ಭಾನುವಾರ ಹೋಗಿ ಸೇರಿದ್ದು ಪಲ್ಲವಿ ಮತ್ತು ನೇತ್ರಾಳ ಫೋನಿಗೆ. ಅವರೇ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದವರು. ಪಲ್ಲವಿ ಮಾರ್ಕೋನಹಳ್ಳಿ ಡ್ಯಾಮಿನ ಕೆಳಗಿನ ಊರಿನವಳು, ಕುಣಿಗಲ್ಲಿನ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ದಿನಾ ಬಸ್ಸಿನಲ್ಲಿ ಬರುತ್ತಾಳೆ. ನೇತ್ರಾ ಗೂಳೂರಿನವಳು, ಬಾಯಿ ಜೋರು.

"ಲೇಟ್ ಅಡ್ಮಿಷನ್ ಇರ್ಬೇಕು ಮೇಡಂ" ಅಂದಳು ಪಲ್ಲವಿ. "ಆಫೀಸಲ್ಲಿ ಕೇಳಿದ್ರೆ ರಿಜಿಸ್ಟರಲ್ಲಿ ಅರವತ್ತೇ ಇರೋದು ಅಂತಾರೆ. ಒಂದ್ ದಿನಾನೂ ಕ್ಲಾಸಿಗ್ ಬಂದಿಲ್ಲ."

"ಹುಡುಗಿ ಅಂತ ಹೇಗೆ ಗೊತ್ತು?" ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು ನನ್ನ ದನಿ.

"ಕುಕ್ಕರ್ ರಬ್ಬರ್ ವಿಷ್ಯ ಬರ್ದವ್ಳೆ ಮೇಡಂ. ಹುಡುಗ್ರಿಗೆ ಕುಕ್ಕರಿಗೆ ರಬ್ಬರ್ ಐತೆ ಅಂತಾನೇ ಗೊತ್ತಿರಲ್ಲ" ಅಂದಳು ನೇತ್ರಾ. "ಮರಳೂರಲ್ಲಿ ಎಲ್ಲಾ ಪಿ.ಜಿ.ಗೂ ಹೋಗಿ ವಿಚಾರಿಸಿದ್ವಿ. ಅಂಗ್ಡಿಗಳಲ್ಲೂ ಕೇಳಿದ್ವಿ, ಬೇಡದ ಸಾಮಾನು ಕೇಳೋ ಹುಡುಗಿ ಬರ್ತಾಳಾ ಅಂತ. ಹಂಗೆ ಕೇಳೋರು ಭಾಳ ಜನ ಅವ್ರೆ ಬುಡಮ್ಮ ಅಂದ್ರು."

ನೋಡಿ, ಅದೂ ಹೊಸ ವಿಷಯ ನನಗೆ.

ಅಂದರೆ ಈ ಇಬ್ಬರು ಹುಡುಗಿಯರು ಬಿಸಿಲಿನಲ್ಲಿ ನಮ್ಮ ಬೀದಿಯಲ್ಲಿ ಓಡಾಡಿದ್ದಾರೆ. ನಮ್ಮನೆ ಗೇಟಿನ ಮುಂದೆಯೇ ಹೋಗಿರಬೇಕು. ನಾನು ಒಳಗೆ ಫ್ಯಾನ್ ಕೆಳಗೆ ಏನು ಮಾಡುತ್ತಿದ್ದೆನೋ.

"ಅವ್ಳ ಕೊನೇ ಲೈನ್ ಓದಿದೀರಾ ಮೇಡಂ?" ಪಲ್ಲವಿ ದನಿ ಇಳಿಸಿದಳು. "ಇದ್ದೀನೋ ಇಲ್ವೋ ಯಾರಿಗೂ ಗೊತ್ತಾಗಲ್ಲ ಅಂತ ಬರ್ದವ್ಳೆ. ಅದಾದ್ಮೇಲೆ ಏನೂ ಅಪ್‌ಲೋಡ್ ಮಾಡಿಲ್ಲ. ನಂಗೆ ನಿದ್ದೆ ಬರ್ತಿಲ್ಲ ಮೇಡಂ. ನೀವು ಪತ್ತೆ ಮಾಡ್ಲೇಬೇಕು."

ಅವಳ ಕಣ್ಣು ತುಂಬಿತ್ತು. ಆಗಲೇ ಹೇಳಿಬಿಡಬೇಕಿತ್ತು. "ನಾನು ನೋಡ್ತೀನಿ, ನೀವು ಹೋಗಿ ಊಟ ಮಾಡಿ" ಅಂದೆ.

ಅವರು ಹೋದ ಮೇಲೆ ಕಂಪ್ಯೂಟರ್ ತೆರೆದು ಅರವತ್ತೊಂದರ ಖಾತೆಗೆ ಹೋದೆ. ಎರಡು ಅಭಿಪ್ರಾಯ ಬಂದು ಕೂತಿದ್ದವು. ನೇತ್ರಾ ಬರೆದಿದ್ದಳು: "ಏನೇ ನಿನ್ ಕಥೆ. ನಂಬರ್ ಕೊಡು, ಭಾನುವಾರ ನಾನೇ ಫೋನ್ ಮಾಡ್ತೀನಿ. ಬೈದಾದ್ರೂ ಬೈತೀನಿ." ಪಲ್ಲವಿಯದ್ದು ಎರಡು ಖಾನೆಯಲ್ಲೂ ಇತ್ತು. ಇಷ್ಟವಾದದ್ದು ಅನ್ನುವ ಕಡೆ, "ಎಲ್ಲಾ ನಿಜ ಅನ್ಸುತ್ತೆ." ಸರಿಪಡಿಸಬೇಕಾದದ್ದು ಅನ್ನುವ ಕಡೆ, "ಬರಹ ಸರಿ ಇದೆ. ಭಾನುವಾರ ಸರಿ ಇಲ್ಲ. ಲೈಬ್ರರಿ ಹಿಂದೆ ಹೊಂಗೆ ಮರದ ಕೆಳಗೆ ನಾವು ಆರು ಜನ ಊಟ ಮಾಡ್ತೀವಿ. ನೀನೂ ಬಾ. ಡಬ್ಬಿ ತರಬೇಡ, ನಮ್ಮಲ್ಲೇ ಜಾಸ್ತಿ ಇರುತ್ತೆ."

ಅದರ ಕೆಳಗೆ ಸಾಫ್ಟ್‌ವೇರ್ ಒಂದು ಕೆಂಪು ಗುರುತು ಹಾಕಿತ್ತು. "ಈ ಪ್ರತಿಕ್ರಿಯೆ ಬರಹಕ್ಕೆ ಸಂಬಂಧಿಸಿಲ್ಲ. ವಿಷಯದ ಬಗ್ಗೆ ಮಾತ್ರ ಬರೆಯಿರಿ."

ನಾನು ಅತ್ತೆ. ಖಾಲಿ ಸ್ಟಾಫ್ ರೂಮಿನಲ್ಲಿ, ತಣ್ಣಗಾದ ಪಲ್ಯದ ಮುಂದೆ, ಮೂಗು ಸೋರುವ ಹಾಗೆ ಅತ್ತೆ. ಬರೆದುಕೊಳ್ಳಲು ಸಂಕೋಚವಿದೆ. ಆದರೂ ನಿಮ್ಮ ಹತ್ತಿರ ಏನು ಮುಚ್ಚುಮರೆ?

ಸಂಜೆ ಸರೋಜಿನಿಗೆ ಫೋನ್ ಮಾಡಿದೆ. ಬೈಸಿಕೊಳ್ಳೋಣ, ಇಬ್ಬರೂ ಸೇರಿ ನಗೋಣ ಅನ್ನಿಸಿತ್ತು. "ಹೇಳೇ, ಏನ್ ವಿಷ್ಯ? ಹುಷಾರಾಗಿದೀಯಾ? ಇರು, ಇವ್ನು ನೀರಿನ ಬಕೆಟ್ ಬೀಳಿಸ್ದ! ಆಮೇಲ್ ಮಾಡ್ತೀನಿ ಕಣೇ" ಅಂದಳು. ಅವಳ ಮೇಲೆ ಸಿಟ್ಟಿಲ್ಲ. ಹನ್ನೊಂದು ಜನರ ಮನೆಯಲ್ಲಿ "ಆಮೇಲೆ" ಬರುವುದು ಸುಲಭವಲ್ಲ. ಅವತ್ತು ಬರಲಿಲ್ಲ.

ಆದರೆ ನಾನೊಂದು ತೀರ್ಮಾನ ಮಾಡಿದೆ. ನಾಳೆ ಹೊಂಗೆ ಮರದ ಕೆಳಗೆ ಹೋಗುವುದು. "ಅರವತ್ತೊಂದು ನಾನೇ ಕಣ್ರೇ" ಎನ್ನುವುದು. ಅವರು ಬಿದ್ದು ಬಿದ್ದು ನಗುತ್ತಾರೆ. ನಗಲಿ. ಪಕ್ಕದಲ್ಲಿ ಕೂತು ಊಟ ಮಾಡುವುದು. ಡಬ್ಬಿ ತರಬೇಡ ಎಂದಿದ್ದರೂ ಬೆಳಿಗ್ಗೆ ಎದ್ದು ಎಂಟು ಜನಕ್ಕಾಗುವಷ್ಟು ಚಿತ್ರಾನ್ನ ಕಲೆಸಿದೆ. ಸರೋಜಿನಿ ಹೋದ ಮೇಲೆ ಅಷ್ಟು ಅಕ್ಕಿ ನೆನೆ ಹಾಕಿದ್ದು ಅವತ್ತೇ.

ಒಂದೂ ಕಾಲಿಗೆ ಚೀಲ ಹಿಡಿದು ಲೈಬ್ರರಿ ಹಿಂದಕ್ಕೆ ಹೋದೆ. ದೂರದಿಂದಲೇ ಅವರ ನಗು ಕೇಳುತ್ತಿತ್ತು. ಒಬ್ಬಳ ಡಬ್ಬಿಯಲ್ಲಿ ಇನ್ನೊಬ್ಬಳ ಕೈ. ನೇತ್ರಾ ಯಾರದೋ ನಡಿಗೆಯ ನಕಲು ಮಾಡುತ್ತಿದ್ದಳು. (ನನ್ನದೇ ಇರಬೇಕು. ಎಡಗಾಲು ಎಳೆಯುತ್ತಿದ್ದಳು.)

ನನ್ನನ್ನು ಕಂಡರು. ಆರೂ ಜನ ದಡಕ್ಕನೆ ಎದ್ದು ನಿಂತರು.

ಎಂಜಲು ಕೈ ಬೆನ್ನ ಹಿಂದೆ ಹೋಯಿತು. ಡಬ್ಬಿಗಳ ಮುಚ್ಚಳ ಮುಚ್ಚಿತು. ಬಾಯಲ್ಲಿದ್ದ ಅನ್ನವನ್ನು ಅಗಿಯದೆ ನುಂಗಿ, "ನಮಸ್ತೆ ಮೇಡಂ" ಅಂದರು. ಮೇಡಂ ಬಂದರೆ ಎದ್ದು ನಿಲ್ಲಬೇಕು ಅಂತ ಕಲಿಸಿದವರು ಯಾರು? ನಾವೇ. ಮೊದಲ ದಿನವೇ ಕಲಿಸಿದ್ದೆ.

"ಕೂತ್ಕೊಳ್ರಮ್ಮಾ, ಊಟ ಮಾಡಿ" ಅಂದೆ.

"ಪರ್ವಾಗಿಲ್ಲ ಮೇಡಂ, ಆಯ್ತು ಮೇಡಂ."

ಯಾರೂ ಕೂರಲಿಲ್ಲ. ಮರದ ಸುತ್ತಲಿನ ಕಟ್ಟೆಯ ಮೇಲೆ, ಪಲ್ಲವಿಯ ಡಬ್ಬಿಯ ಪಕ್ಕ, ಒಂದು ಹೂವಿನ ಕರ್ಚೀಫು ಹಾಸಿತ್ತು. ಕುಣಿಗಲ್ ಬಸ್ಸಿನಲ್ಲಿ ಓಡಾಡುವವರಿಗೆ ಅದರ ಅರ್ಥ ಹೇಳಬೇಕಿಲ್ಲ. ಕಿಟಕಿಯಿಂದ ಕರ್ಚೀಫು ಎಸೆದರೆ ಆ ಸೀಟು ಆಯಿತು, ಬೇರೆ ಯಾರೂ ಕೂರುವಂತಿಲ್ಲ.

"ಅದು ಅವ್ಳಿಗೆ ಮೇಡಂ" ಅಂದಳು ಪಲ್ಲವಿ, ನಾನು ನೋಡುವುದನ್ನು ನೋಡಿ. "ನಾಲ್ಕು ದಿನದಿಂದ ಹಾಕ್ತಾ ಇದೀವಿ. ಬಂದ್ರೆ ಜಾಗ ಇಲ್ಲ ಅನ್ಕೋಬಾರ್ದು ಅಂತ. ಏನಾದ್ರೂ ಗೊತ್ತಾಯ್ತಾ ಮೇಡಂ?"

ಆರು ಜೊತೆ ಕಣ್ಣು ನನ್ನ ಮೇಲಿತ್ತು. ನನ್ನ ಜಾಗ ನನ್ನಿಂದ ಎರಡು ಹೆಜ್ಜೆ ದೂರದಲ್ಲಿತ್ತು. ಆದರೆ ಅದು ಹದಿನೆಂಟು ವರ್ಷದ, ಹೆಸರು ಗೊತ್ತಿಲ್ಲದ ಒಬ್ಬ ಹುಡುಗಿಯ ಜಾಗ. ಅಲ್ಲಿ ಐವತ್ತಮೂರರ ಮೇಡಂ ಹೋಗಿ ಕೂತರೆ ಈ ಆರು ಜನ ಮತ್ತೆಂದೂ ಇಲ್ಲಿ ಹೀಗೆ ನಗುವುದಿಲ್ಲ. ಹಾಗಂತ ಅವತ್ತು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಧೈರ್ಯ ಸಾಲಲಿಲ್ಲ, ಅಷ್ಟೇ. ಮೇಡಂಗೆ ಯಾರೂ ಇಲ್ಲ ಅಂತ ಮಕ್ಕಳಿಗೆ ಗೊತ್ತಾಗುವುದು ಬೇಡವಾಗಿತ್ತು.

"ಅವಳು ಹುಷಾರಾಗಿದಾಳೆ" ಅಂದೆ. "ಟಿ.ಸಿ. ತಗೊಂಡು ಊರಿಗೆ ಹೋದ್ಳಂತೆ. ಮನೇಲಿ ತುಂಬಾ ಜನ ಇದಾರಂತೆ. ನೀವೇನೂ ಯೋಚ್ನೆ ಮಾಡ್ಬೇಡಿ."

"ಅಯ್ಯೋ, ಹೋಗ್ಲಿ ಬುಡಿ ಮೇಡಂ, ಮನೆಯೋರ ಜೊತೆ ಅವ್ಳೆ ತಾನೆ" ಅಂದಳು ನೇತ್ರಾ. ಉಳಿದವರು ಉಸಿರು ಬಿಟ್ಟರು. ಚಿತ್ರಾನ್ನದ ಚೀಲವನ್ನು ಅವರ ಕೈಗೆ ಕೊಟ್ಟೆ. "ಥ್ಯಾಂಕ್ಸ್ ಮೇಡಂ" ಅಂದರು, ನಿಂತೇ ಇದ್ದರು. ನಾನು ಹೋಗುವುದನ್ನೇ ಕಾಯುತ್ತಿದ್ದರು ಪಾಪ, ಹಸಿದಿದ್ದರು.

ಪಲ್ಲವಿ ಕಟ್ಟೆಯ ಮೇಲಿನ ಕರ್ಚೀಫು ತೆಗೆದು, ಮಡಿಸಿ, ಚೀಲದೊಳಗೆ ಇಟ್ಟುಕೊಂಡಳು. ನಾನು ತಿರುಗಿ ಹೊರಟಾಗ ಹಿಂದಿನಿಂದ ಕೇಳಿದಳು:

"ಅವ್ಳು ಇಲ್ಲಿದ್ದಾಗ ನೀವಾದ್ರೂ ಒಂದ್ಸಲ ಅವ್ಳನ್ನ ಮಾತಾಡ್ಸಿದ್ರಾ ಮೇಡಂ?"